ಟಿಸಿಐ ತರಬೇತಿ: ಪಟ್ಟು ಬಿಡುವುದನ್ನು ಕಲಿಸುವ ಐದು ದಿನ

ಈ ತರಬೇತಿಗೆ ಹೆಸರು ಕೊಡುವ ಹೆಚ್ಚಿನವರು ಒಂದೇ ಪ್ರಶ್ನೆ ಹೊತ್ತು ಬರುತ್ತಾರೆ: ಹದಿನಾರರ ಹುಡುಗ ಕುರ್ಚಿ ಎತ್ತಿಕೊಂಡು ನಿಂತರೆ ಅವನನ್ನು ಹಿಡಿಯುವುದು ಹೇಗೆ? ಆ ಉತ್ತರ ಬರುವಷ್ಟರಲ್ಲಿ ತರಬೇತಿ ಮುಗಿಯುತ್ತಾ ಬಂದಿರುತ್ತದೆ. ಅಲ್ಲಿಯವರೆಗೆ ಕೇಳಿಸಿಕೊಂಡದ್ದೆಲ್ಲ ಇನ್ನೊಂದು ಪ್ರಶ್ನೆ: ಅವನು ಕುರ್ಚಿ ಎತ್ತುವ ಮೊದಲಿನ ಹತ್ತು ನಿಮಿಷ ನೀವೇನು ಮಾಡುತ್ತಿದ್ದಿರಿ?

ಥೆರಪ್ಯೂಟಿಕ್ ಕ್ರೈಸಿಸ್ ಇಂಟರ್ವೆನ್ಷನ್, ಬಾಯಿಮಾತಿನಲ್ಲಿ ಟಿಸಿಐ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪದ್ಧತಿ. 1980ರ ದಶಕದ ಆರಂಭದಲ್ಲಿ, ಮಕ್ಕಳ ನಿವಾಸಗಳಲ್ಲೇ ಮಕ್ಕಳ ಮೇಲೆ ನಡೆಯುವ ದೌರ್ಜನ್ಯ ತಡೆಯಲು ಅಲ್ಲಿನ ಸರ್ಕಾರ ಕೊಟ್ಟ ಹಣದಲ್ಲಿ ಹುಟ್ಟಿತು. ಈಗ 7ನೇ ಆವೃತ್ತಿ ಬಂದಿದೆ. ಕುಟುಂಬದಿಂದ ದೂರವಾಗಿ ನಿವಾಸದಲ್ಲಿರುವ ಮಕ್ಕಳನ್ನು ನೋಡಿಕೊಳ್ಳುವವರಿಗೆಂದೇ ಮಾಡಿದ್ದು. ಐರ್ಲೆಂಡಿನಲ್ಲಿ ಇಂಥ ಕೆಲಸ ಹುಡುಕುವ ನಮ್ಮವರಿಗೆ ಜಾಹೀರಾತಿನಲ್ಲೇ ಈ ಮೂರಕ್ಷರ ಕಾಣಿಸುತ್ತದೆ. ನಮ್ಮ ಬಾಲಮಂದಿರ, ವೀಕ್ಷಣಾಲಯಗಳಿಗೆ ಇದು ಇನ್ನೂ ಹೊರಗಿನ ಸರಕು. ಆದರೂ ಅಧೀಕ್ಷಕರು, ಗೃಹಮಾತೆಯರು, ಆಪ್ತಸಮಾಲೋಚಕರು ಒಮ್ಮೆ ಬಿಚ್ಚಿ ನೋಡಬೇಕಾದ ಸರಕು.

ಇಡೀ ಪದ್ಧತಿಯ ತಳಪಾಯ ಒಂದು ಮಾತು: ನೋವಿನಿಂದ ಹುಟ್ಟಿದ ನಡತೆ. ಕೆನಡಾದ ಜೇಮ್ಸ್ ಆಂಗ್ಲಿನ್ ಮಕ್ಕಳ ನಿವಾಸಗಳನ್ನು ಅಧ್ಯಯನ ಮಾಡಿ 2002ರಲ್ಲಿ ಹೇಳಿದ್ದನ್ನು ಟಿಸಿಐ ಎತ್ತಿಕೊಂಡಿದೆ. ಹೊಡೆತ, ಹಸಿವು, ಬಿಟ್ಟುಹೋದ ತಾಯಿ, ಕುಡಿದು ಬರುವ ತಂದೆ ಇವುಗಳ ನಡುವೆ ಬೆಳೆದ ಮಗುವಿನ ಮೈ ಅಪಾಯವನ್ನು ಬೇಗ ಮೂಸುತ್ತದೆ. ನೀವು ಸಹಜವಾಗಿ ಎತ್ತಿದ ದನಿ ಅದಕ್ಕೆ ಏಟಿನ ಮುನ್ಸೂಚನೆ. ನೀವು ಬಾಗಿಲಲ್ಲಿ ನಿಂತದ್ದು ಓಡುವ ದಾರಿ ಮುಚ್ಚಿದಂತೆ. ನಮ್ಮ ರಿಜಿಸ್ಟರುಗಳಲ್ಲಿ 'ಉದ್ಧಟ', 'ಹೇಳಿದ ಮಾತು ಕೇಳುವುದಿಲ್ಲ' ಎಂದು ಬರೆಯುವ ಜಾಗದಲ್ಲಿ ಈ ಪದ್ಧತಿ 'ಯಾವ ನೋವು, ಯಾವುದು ಕೆಣಕಿತು' ಎಂದು ಬರೆಯಲು ಹೇಳುತ್ತದೆ. ಇಷ್ಟು ಬದಲಾದರೆ ಅರ್ಧ ಹಣ ವಸೂಲಾದಂತೆ.

ಬಿಕ್ಕಟ್ಟಿನ ನಕ್ಷೆಯೊಂದನ್ನು ಮೊದಲ ದಿನವೇ ಬರೆಸುತ್ತಾರೆ. ಕೆಳಗೆ ಮಗುವಿನ ಮಾಮೂಲಿ ಸ್ಥಿತಿಯ ಗೆರೆ. ಕೆಣಕುವ ಘಟನೆ, ಏರಿಕೆ, ಸ್ಫೋಟ, ಆಮೇಲೆ ಇಳಿಕೆ. ನೋಡಲು ಬೆಟ್ಟದ ಚಿತ್ರ. ಜಾಣತನ ಇರುವುದು ಕೊನೆಯ ಇಳಿಜಾರಿನಲ್ಲಿ: ಅದು ಮೂರು ಕವಲಾಗುತ್ತದೆ. ಮಗು ಮೊದಲಿಗಿಂತ ಕೆಳಗೆ ಇಳಿಯಬಹುದು, ಇದ್ದಲ್ಲಿಗೇ ಬರಬಹುದು, ಇಲ್ಲವೇ ಒಂದು ಮೆಟ್ಟಿಲು ಮೇಲೆ ನಿಲ್ಲಬಹುದು. ಯಾವ ಕವಲು ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ದೊಡ್ಡವರು. ಹೊಡೆದು ಸುಮ್ಮನಾಗಿಸಿದರೆ ಕೋಣೆ ಸದ್ದಿಲ್ಲದಂತಾಗುತ್ತದೆ, ಮಗು ಕೆಳಗಿನ ಕವಲಿಗೆ ಜಾರುತ್ತದೆ.

ಇದರ ಜೊತೆಗೆ ನಾಲ್ಕು ಪ್ರಶ್ನೆ. ನನಗೆ ಈಗ ಏನನ್ನಿಸುತ್ತಿದೆ? ಈ ಮಗುವಿಗೆ ಏನನ್ನಿಸುತ್ತಿದೆ, ಏನು ಬೇಕಾಗಿದೆ? ಸುತ್ತಮುತ್ತಲಿನದು ಮಗುವಿನ ಮೇಲೆ ಏನು ಮಾಡುತ್ತಿದೆ? ನಾನು ಏನು ಮಾಡಿದರೆ ಒಳಿತು? ಕಾಗದದ ಮೇಲೆ ಸಪ್ಪೆ ಎನಿಸುತ್ತವೆ. ಜೋರು ಗಲಾಟೆಯಲ್ಲಿ ಇವನ್ನು ಕೇಳಿಕೊಳ್ಳಲು ಪುರುಸೊತ್ತೆಲ್ಲಿ ಎಂದು ಎಲ್ಲರೂ ಗೊಣಗುತ್ತಾರೆ. ಆದರೆ ಮೊದಲ ಪ್ರಶ್ನೆಯೊಂದನ್ನೇ ಕೇಳಿಕೊಳ್ಳಲು ಒಂದು ಉಸಿರು ಬೇಕು, ಆ ಒಂದು ಉಸಿರೇ ಪ್ರಯೋಜನ. ದೊಡ್ಡವರು ಕುದಿಯುತ್ತಿದ್ದರೆ ಮಗು ತಣ್ಣಗಾಗುವುದಿಲ್ಲ.

ಒಂದು ಸಂಜೆಯನ್ನು ಹತ್ತಿರದಿಂದ ನೋಡಿ. ಭಾನುವಾರ, ಭೇಟಿಯ ದಿನ. ಹದಿನಾಲ್ಕರ ಹುಡುಗನ ಅಮ್ಮ ಬರುತ್ತೇನೆಂದವಳು ಬಂದಿಲ್ಲ. ಮಧ್ಯಾಹ್ನ ಅವನು ಸರಿಯಾಗಿ ಉಂಡಿಲ್ಲ. ರಾತ್ರಿ ಎಂಟಕ್ಕೆ ಊಟದ ಸಾಲು, ಅರವತ್ತು ಸ್ಟೀಲ್ ತಟ್ಟೆಗಳ ಗದ್ದಲ. ಪಕ್ಕದವನು, "ನಿಮ್ಮಮ್ಮ ಬರ್ಲಿಲ್ವೇನೋ" ಎಂದ. ಇವನು ತಟ್ಟೆ ತಳ್ಳಿದ, ಸಾರು ನೆಲಕ್ಕೆ. ಗೃಹಪಿತ ದೂರದಿಂದಲೇ, "ಏಯ್, ಎತ್ತೋ ತಟ್ಟೆ!" ಎಂದರು. ಹುಡುಗ ಎತ್ತಲಿಲ್ಲ. "ಎತ್ತು ಅಂದ್ನಲ್ಲ!" ಅರವತ್ತು ಜೊತೆ ಕಣ್ಣು ಇಬ್ಬರ ಮೇಲೂ. ಇನ್ನು ಮುಂದಿನದು ತಟ್ಟೆಯ ವಿಷಯವೇ ಅಲ್ಲ.

ಟಿಸಿಐ ಇಲ್ಲಿ ಗಂಟನ್ನು ಒಂದೊಂದಾಗಿ ಬಿಚ್ಚುತ್ತದೆ. ಹಸಿವು, ಕಾದು ಸೋತದ್ದು, ಗದ್ದಲ: ಇವು ಮೊದಲೇ ನೆಲ ಹದವಾಗಿಸಿದ ಸಂಗತಿಗಳು. ಪಕ್ಕದವನ ಮಾತು ಕಿಡಿ. "ಎತ್ತೋ" ಎಂಬುದು ಎರಡನೇ ಕಿಡಿ, ಅದನ್ನು ಹಾಕಿದ್ದು ನಾವು. ಮಧ್ಯಾಹ್ನ ನಾಲ್ಕಕ್ಕೇ ಅವನನ್ನು ಕರೆದು, "ಬಸ್ ತಪ್ಪಿರಬಹುದು, ಫೋನ್ ಮಾಡಿ ನೋಡೋಣ ಬಾ" ಎಂದಿದ್ದರೆ ರಾತ್ರಿಯ ಬೆಟ್ಟ ಏಳುತ್ತಲೇ ಇರಲಿಲ್ಲ. ಆ ಹೊತ್ತು ಕಳೆದುಹೋಗಿದ್ದರೆ ಈಗ ಮಾಡಬೇಕಾದ್ದು: ದನಿ ತಗ್ಗಿಸಿ ಹತ್ತಿರ ಹೋಗುವುದು, ಎದುರಿಗೆ ನಿಲ್ಲದೆ ಓರೆಯಾಗಿ ಒಂದು ಕೈಯಳತೆಗಿಂತ ಹೆಚ್ಚು ದೂರ ನಿಲ್ಲುವುದು ಅಥವಾ ಕೂರುವುದು, ಕೈ ಕಾಣುವಂತೆ ಇಟ್ಟುಕೊಳ್ಳುವುದು, ಮಾತು ಕಡಿಮೆ. ನೆಲದ ಸಾರನ್ನು ಬೇರೆಯವರು ಸದ್ದಿಲ್ಲದೆ ಒರೆಸಿದರೆ ಒಳ್ಳೆಯದು. ಉಳಿದ ಮಕ್ಕಳ ಸಾಲನ್ನು ಇನ್ನೊಬ್ಬರು ಮುಂದುವರಿಸಬೇಕು, ನೋಡುವ ಕಣ್ಣು ಕಡಿಮೆಯಾದಷ್ಟೂ ಹುಡುಗನಿಗೆ ಸೋಲದೆ ಹಿಂದೆ ಸರಿಯಲು ದಾರಿ ಸಿಗುತ್ತದೆ.

ಪಟ್ಟು ಬಿಡುವ ಪಾಠ ಇಲ್ಲಿ ಬರುತ್ತದೆ. ಮಗುವಿಗೂ ದೊಡ್ಡವರಿಗೂ ಹಟ ಬಿದ್ದಾಗ ಏನು ಮಾಡಬಹುದೆಂದು ಪದ್ಧತಿ ಹೇಳುವುದರಲ್ಲಿ ಕೊನೆಯದು ನಮ್ಮವರ ಗಂಟಲಲ್ಲಿ ಇಳಿಯುವುದಿಲ್ಲ. ಕೇಳಿಸಿಕೊಳ್ಳಿ, ಸರಿ. ಆಯ್ಕೆ ಕೊಡಿ, ಯೋಚಿಸಲು ಸಮಯ ಕೊಡಿ, ಸರಿ. ಬೇರೆ ಕೆಲಸಕ್ಕೆ ಗಮನ ತಿರುಗಿಸಿ, ಅವನಿಗೇ ಅನುಕೂಲವಾಗುವುದನ್ನು ನೆನಪಿಸಿ, ಅದೂ ಸರಿ. ಇಲ್ಲವಾದರೆ ನಿಮ್ಮ ಬೇಡಿಕೆಯನ್ನೇ ಕೈಬಿಡಿ ಅಥವಾ ಬದಲಿಸಿ. ತಟ್ಟೆ ಎತ್ತಬೇಕೆಂಬ ಆಜ್ಞೆಯನ್ನು ಈ ರಾತ್ರಿಗೆ ಬಿಟ್ಟುಬಿಡಿ. ಇದನ್ನು ಕೇಳಿದ ಕೂಡಲೇ ಕೋಣೆಯಲ್ಲಿ ಒಬ್ಬರಾದರೂ, "ಹಾಗಾದ್ರೆ ನಾಳೆ ಎಲ್ಲರೂ ತಟ್ಟೆ ಎಸೀತಾರೆ" ಅನ್ನುತ್ತಾರೆ. ಎಸೆಯುವುದಿಲ್ಲ. ಸಾಲಿನಲ್ಲಿದ್ದ ಮಕ್ಕಳಿಗೆ ಅವನಮ್ಮ ಬಂದಿಲ್ಲ ಎಂಬುದು ನಮಗಿಂತ ಮೊದಲು ಗೊತ್ತಿರುತ್ತದೆ. ತಟ್ಟೆಯ ಲೆಕ್ಕ ನಾಳೆ ಬೆಳಿಗ್ಗೆ, ಹುಡುಗ ತಣ್ಣಗಿರುವಾಗ.

ಇನ್ನು ಭಾಷೆ. ಇಂಗ್ಲಿಷ್ ಕೈಪಿಡಿಯ ಅತಿ ದೊಡ್ಡ ಕೊರತೆ ಇದೇ, ಹಾಗೆಂದು ಅದನ್ನು ಬರೆದವರನ್ನು ದೂರುವಂತಿಲ್ಲ. ಭಾವವನ್ನು ಪ್ರತಿಬಿಂಬಿಸುವ ಮಾತು ಟಿಸಿಐಯ ಮುಖ್ಯ ಸಾಧನ. ಅದನ್ನು ಪದಕ್ಕೆ ಪದ ಇಟ್ಟು "ನಿನಗೆ ಕೋಪ ಬಂದಿರುವಂತೆ ಕಾಣುತ್ತಿದೆ" ಎಂದರೆ ನಮ್ಮ ಹುಡುಗನ ಕಿವಿಗೆ ಅದು ಆರೋಪ. "ಏನೋ, ಕೋಪ ಬರ್ತಿದ್ಯಾ?" ಎಂದು ಹೊಡೆಯುವ ಮೊದಲು ಕೇಳುವ ಮಾತಿನ ನೆಂಟ ಅದು. ಕನ್ನಡದಲ್ಲಿ ಕೆಲಸಕ್ಕೆ ಬರುವುದು ಭಾವದ ಹೆಸರಿಗಿಂತ ಸಂಗತಿ: "ಬೆಳಿಗ್ಗೆಯಿಂದ ಗೇಟ್ ಹತ್ರಾನೇ ಕಾಯ್ತಿದ್ದೆ ಅಲ್ವಾ." ಭಾವ ಹೇಳಲೇಬೇಕಾದರೆ 'ಬೇಜಾರು' ಇದೆ. ದುಃಖ, ಅವಮಾನ, ಸಿಟ್ಟು, ಬೇಸರ ಎಲ್ಲಕ್ಕೂ ಹೊಂದುವ ಪದ. "ಬೇಜಾರಾಗತ್ತೆ ಕಣೋ" ಎಂದರೆ ಹುಡುಗ ಮರ್ಯಾದೆ ಕಳೆದುಕೊಳ್ಳದೆ ತಲೆಯಾಡಿಸಬಹುದು. 'ನಿನಗೆ' ಬಿಟ್ಟರೆ ಇನ್ನೂ ಹಗುರ. ಇದೇ ಪದ ಆಮೇಲೆ ದಾಖಲೆಗೆ ಮಾತ್ರ ಕೆಲಸಕ್ಕೆ ಬಾರದು: 'ಹುಡುಗ ಬೇಜಾರಿನಲ್ಲಿದ್ದ' ಎಂದು ಬರೆದರೆ ರಾತ್ರಿ ಪಾಳಿಯವರಿಗೆ ಏನೂ ತಿಳಿಯುವುದಿಲ್ಲ.

ಇನ್ನೆರಡು ಬಲೆಗಳಿವೆ. ಸಿಟ್ಟು ಬಂದಾಗ ನಾವು 'ನೀನು' ಬಿಟ್ಟು 'ನೀವು' ಹಿಡಿಯುತ್ತೇವೆ: "ಓಹೋ, ಸಾಹೇಬ್ರು ತಟ್ಟೆ ಎತ್ತೋದಿಲ್ವಾ?" ಕೈಪಿಡಿಯಲ್ಲಿ ಇದಕ್ಕೆ ಸಾಲೇ ಇಲ್ಲ, ನಮ್ಮಲ್ಲಿ ಬೆಂಕಿಗೆ ತುಪ್ಪ ಇದೇ. ಇನ್ನೊಂದು 'ಸಮಾಧಾನ ಮಾಡ್ಕೊ'. ಕುದಿಯುವವನಿಗೆ ಸಮಾಧಾನ ಮಾಡಿಕೊ ಎನ್ನುವುದು ಅವನ ಕೈಲಾಗದ ಒಂದೇ ಕೆಲಸವನ್ನು ಹೇಳಿದಂತೆ. ನೀರಿನ ಲೋಟ ಮುಂದೆ ಇಟ್ಟು ಸುಮ್ಮನಿರುವುದು ಮೇಲು. ಪ್ಲಾಸ್ಟಿಕ್ ಲೋಟ.

ಲೋಟದ ಮಾತು ತಮಾಷೆಗಲ್ಲ. ಕೈಮೀರುವ ಸನ್ನಿವೇಶದಲ್ಲಿ ನಾಲ್ಕು ಅಂಶ ನೋಡಲು ಹೇಳುತ್ತಾರೆ: ಗುರಿ ಯಾರು, ಕೈಗೆ ಸಿಗುವ ಆಯುಧ ಯಾವುದು, ಕಿಡಿ ಯಾವುದು, ಒಳಗಿನ ಒತ್ತಡ ಎಷ್ಟು. ನಾಲ್ಕರಲ್ಲಿ ಒಂದನ್ನು ತೆಗೆದರೂ ಅಪಾಯ ಇಳಿಯುತ್ತದೆ. ಒತ್ತಡ ಇಳಿಸಲು ಹೊತ್ತು ಬೇಕು, ಗುರಿ ತೆಗೆಯಲು ಅರ್ಧ ನಿಮಿಷ ಸಾಕು: ಕೆಣಕಿದವನನ್ನು ಹೊರಗೆ ಕಳಿಸಿ. ಗುರಿ ನೀವೇ ಆಗಿದ್ದರೆ ಹೊರಗೆ ಹೋಗಬೇಕಾದವರು ನೀವೇ, ಅದರಲ್ಲಿ ನಾಚಿಕೆಯಿಲ್ಲ. ಆಯುಧ ಎಂದರೆ ಚಾಕುವೇ ಆಗಬೇಕಿಲ್ಲ. ಕ್ಯಾರಂ ಸ್ಟ್ರೈಕರ್, ಬಕೆಟ್ಟಿನ ಹಿಡಿ, ಟ್ರಂಕಿನ ಬೀಗ. ಮಲಗುವ ಕೋಣೆಗೆ ಒಂದೇ ಬಾಗಿಲಿದ್ದರೆ ಆ ಬಾಗಿಲಿನಿಂದ ಸರಿದು ನಿಲ್ಲುವುದು ಅಭ್ಯಾಸವಾಗಬೇಕು. ಬೆನ್ನು ತಟ್ಟುವ ಪ್ರೀತಿಯೂ ಎಚ್ಚರದಿಂದ: ಹೊಡೆತ ತಿಂದ ಮಗುವಿಗೆ ಹಿಂದಿನಿಂದ ಬಂದ ಕೈ ಹೊಡೆಯುವ ಕೈಯೇ. ಮೊದಲು ಹೆಸರು ಕರೆಯಿರಿ, ಅವನು ತಿರುಗಿ ನೋಡಲಿ.

ದೈಹಿಕವಾಗಿ ಹಿಡಿಯುವ ಭಾಗಕ್ಕೆ ಈಗ ಬರೋಣ. ಅದನ್ನು ಓದಿ ಕಲಿಯುವಂತಿಲ್ಲ, ಆದ್ದರಿಂದ ವಿಧಾನ ಇಲ್ಲಿ ಬರೆಯುವುದಿಲ್ಲ. ಮಗುವಿಗೋ ಇತರರಿಗೋ ಮೈಗೆ ಪೆಟ್ಟಾಗುವುದು ತಪ್ಪಿಸಲು ಮಾತ್ರ, ಬೇರೆಲ್ಲ ಮುಗಿದ ಮೇಲೆ ಎಂಬುದು ನಿಯಮ. ಶಿಕ್ಷೆಗೆ, ಮಾತು ಕೇಳಿಸಲು, ಸಾಮಾನು ಉಳಿಸಲು ಅಲ್ಲ. ಹಿಡಿಯಲೇಬಾರದ ಸಂದರ್ಭಗಳ ಪಟ್ಟಿ ಈ ಭಾಗದ ಅತ್ಯುತ್ತಮ ಪುಟ: ಸುರಕ್ಷಿತವಾಗಿ ಹಿಡಿಯುವ ಬಲ ನಮಗಿಲ್ಲದಾಗ, ನಮಗೇ ಸಿಟ್ಟು ಹತೋಟಿ ತಪ್ಪಿದಾಗ, ಮಗುವಿನ ಕೈಯಲ್ಲಿ ಆಯುಧವಿದ್ದಾಗ, ಸಾರ್ವಜನಿಕ ಜಾಗದಲ್ಲಿ, ಮೈಗೆ ಕಾಯಿಲೆಯೋ ಔಷಧಿಯ ಪರಿಣಾಮವೋ ಇದ್ದಾಗ, ಹಿಡಿಯುವುದೇ ಹಳೆಯ ಲೈಂಗಿಕ ಆಘಾತವನ್ನು ಕೆದಕುವಾಗ. ಈ ಪಟ್ಟಿಯನ್ನು ಪ್ರಾಮಾಣಿಕವಾಗಿ ಓದಿದರೆ ನಮ್ಮ ನಿವಾಸಗಳಲ್ಲಿ ಹಿಡಿಯಬಹುದಾದ ಸಂದರ್ಭ ಎಷ್ಟು ಉಳಿಯುತ್ತದೆ ಎಂದು ಎಣಿಸಲು ಒಂದು ಕೈಯ ಬೆರಳು ಸಾಕು.

ಕಾರ್ನೆಲ್ಲಿನವರು ಇಷ್ಟು ಕಟ್ಟುನಿಟ್ಟಾಗಲು ಕಾರಣವಿದೆ. ಈ ಪದ್ಧತಿಯನ್ನು ಕಟ್ಟಿದ ಮೈಕಲ್ ನುನ್ನೊ, ಮಾರ್ಥಾ ಹೋಲ್ಡನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ 1993ರಿಂದ 2003ರವರೆಗೆ ಅಮೆರಿಕದ ನಿವಾಸಗಳಲ್ಲಿ ಹಿಡಿತಕ್ಕೆ ಸಿಕ್ಕು ಸತ್ತ 45 ಮಕ್ಕಳ ಪ್ರಕರಣಗಳನ್ನು ಒಟ್ಟುಮಾಡಿತು. ಹೆಚ್ಚು ಕಂಡ ಕಾರಣ ಉಸಿರುಗಟ್ಟುವಿಕೆ. ಆಮೇಲೂ ನಿಲ್ಲಲಿಲ್ಲ. 2020ರಲ್ಲಿ ಮಿಷಿಗನ್ ರಾಜ್ಯದ ಕಲಮಜೂನಲ್ಲಿ ಊಟದ ಕೋಣೆಯಲ್ಲಿ ಬ್ರೆಡ್ಡು ಎಸೆದ 16ರ ಹುಡುಗನನ್ನು ಹಲವರು ನೆಲಕ್ಕೊತ್ತಿ ಹಿಡಿದರು, ಅವನು ಸತ್ತ. ಎಸೆದದ್ದು ಬ್ರೆಡ್ಡು. ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಬಿಟ್ಟರೆ ಎದೆ ಹಿಗ್ಗುವುದಿಲ್ಲ. ಕೂಗುತ್ತಿದ್ದಾನೆಂದರೆ ಉಸಿರಾಡುತ್ತಿದ್ದಾನೆ ಎಂಬುದು ಅಪಾಯಕಾರಿ ನಂಬಿಕೆ: ಕೂಗಲು ಬೇಕಾದ ಗಾಳಿ ಬದುಕಲು ಸಾಲದು. ಒದ್ದಾಟ ನಿಂತದ್ದನ್ನು ಶರಣಾಗತಿ ಎಂದುಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು. ನಮ್ಮ ಬಾಲನ್ಯಾಯ ಕಾಯ್ದೆ 2015ರ 82ನೇ ಕಲಂ ಶಿಸ್ತಿನ ಹೆಸರಿನ ದೈಹಿಕ ಶಿಕ್ಷೆಗೆ ಮೊದಲ ಬಾರಿ 10,000 ರೂಪಾಯಿ ದಂಡ, ಮರುಕಳಿಸಿದರೆ 3 ತಿಂಗಳವರೆಗೆ ಜೈಲು ಎನ್ನುತ್ತದೆ. ಕ್ರೌರ್ಯ ಎಂದಾದರೆ 75ನೇ ಕಲಂ, ಅದು ಇನ್ನೂ ಭಾರ. ತರಬೇತಿ ಪತ್ರ ಇದ್ದ ಮಾತ್ರಕ್ಕೆ ಯಾರಿಗೂ ರಕ್ಷೆ ಸಿಗುವುದಿಲ್ಲ. ನಮ್ಮ ಸಂಸ್ಥೆಗಳು ಹಿಡಿಯುವ ಭಾಗವನ್ನು ಬಿಟ್ಟು ಉಳಿದದ್ದನ್ನಷ್ಟೇ ತೆಗೆದುಕೊಳ್ಳಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಚ್ಚಿದಾಗ, ಜುಟ್ಟು ಹಿಡಿದಾಗ ಬಿಡಿಸಿಕೊಳ್ಳುವ ಪಾಠ ಮಾತ್ರ ಉಪಯುಕ್ತ: ಕೂದಲು ಹಿಡಿದ ಕೈಯನ್ನು ಎಳೆಯದೆ ತಲೆಗೇ ಒತ್ತಿ ಹಿಡಿದರೆ ನೋವು ಕಡಿಮೆ, ಮಗುವಿನ ಬೆರಳೂ ಮುರಿಯುವುದಿಲ್ಲ.

ಗಲಾಟೆ ಮುಗಿದ ಮೇಲಿನ ಮಾತುಕತೆ ಈ ಸರಕಿನ ನಿಜವಾದ ಬಂಗಾರ. ಇದರ ಬೇರು ಮಕ್ಕಳ ಮನೋವಿಶ್ಲೇಷಕ ಫ್ರಿಟ್ಜ್ ರೆಡ್ಲ್ ಎರಡನೇ ಮಹಾಯುದ್ಧದ ನಂತರ ಡೆಟ್ರಾಯಿಟ್‌ನಲ್ಲಿ ಉಗ್ರ ಸ್ವಭಾವದ ಹುಡುಗರ ಜೊತೆ ಮಾಡಿದ ಕೆಲಸದಲ್ಲಿದೆ. ಟಿಸಿಐ ಅದನ್ನು ಏಳು ಹೆಜ್ಜೆಯಾಗಿ ಜೋಡಿಸಿದೆ. ಬೇರೆಯವರಿಂದ ದೂರ ಕೂರಿಸುವುದು, ಅವನ ಕಣ್ಣಲ್ಲಿ ಏನು ನಡೆಯಿತೆಂದು ಕೇಳುವುದು, ಕೇಳಿದ್ದನ್ನು ಒಟ್ಟುಗೂಡಿಸಿ ಹೇಳುವುದು, ಘಟನೆಗೂ ಭಾವಕ್ಕೂ ನಡತೆಗೂ ಕೊಂಡಿ ಹಾಕುವುದು, ಬೇರೆ ಏನು ಮಾಡಬಹುದಿತ್ತೆಂದು ಹುಡುಕುವುದು, ಯೋಜನೆ ಮಾಡಿ ಅಭ್ಯಾಸ ಮಾಡಿಸುವುದು, ಮರಳಿ ದಿನಚರಿಗೆ ಸೇರಿಸುವುದು. ಇಂಗ್ಲಿಷಿನಲ್ಲಿ ಮೊದಲಕ್ಷರ ಕೂಡಿಸಿದರೆ 'ಐ ಎಸ್ಕೇಪ್' ಆಗುತ್ತದೆ. ಕನ್ನಡದಲ್ಲಿ ಆಗುವುದಿಲ್ಲ, ಬೆರಳು ಮಡಿಸಿ ನೆನಪಿಟ್ಟುಕೊಳ್ಳಬೇಕು.

ಎಲ್ಲಿ ಎಡವುತ್ತಾರೆ? ಮೊದಲನೆಯದಾಗಿ ಅವಸರ. ಉಸಿರು ಇನ್ನೂ ಏರಿರುವಾಗ ಕೂರಿಸಿಕೊಂಡರೆ ಎರಡನೇ ಸ್ಫೋಟ ಗ್ಯಾರಂಟಿ. ಎರಡನೇ ಹೆಜ್ಜೆಯಲ್ಲಿ 'ಯಾಕೆ' ನುಸುಳುತ್ತದೆ. "ಯಾಕೆ ಹಂಗ್ ಮಾಡ್ದೆ?" ಎಂಬುದಕ್ಕೆ ಉತ್ತರ "ಸುಮ್ನೆ". "ಏನಾಯ್ತು, ಊಟಕ್ಕೆ ಬಂದಾಗಿಂದ ಹೇಳು" ಎಂದರೆ ಕಥೆ ಹೊರಡುತ್ತದೆ. ಸುಳ್ಳು ಸೇರಿಸಿದರೂ ಅಲ್ಲಿ ತಿದ್ದಬಾರದು. ಆರನೇ ಹೆಜ್ಜೆಯಲ್ಲಿ ನಾವು ಯೋಜನೆ ಬದಲು ಆಣೆ ಹಾಕಿಸುತ್ತೇವೆ. "ಇನ್ಮೇಲೆ ಸಿಟ್ ಮಾಡ್ಕೊಳಲ್ಲ ಸಾರ್" ಎಂಬುದು ಯೋಜನೆಯಲ್ಲ. "ಯಾರಾದ್ರೂ ಅಮ್ಮನ ಸುದ್ದಿ ಎತ್ತಿದ್ರೆ ತಟ್ಟೆ ಅಲ್ಲೇ ಇಟ್ಟು ನಲ್ಲಿ ಹತ್ರ ಹೋಗ್ತೀನಿ, ನೀವು ಯಾಕೆ ಹೋದೆ ಅಂತ ಕೇಳ್ಬಾರ್ದು" ಎಂಬುದು ಯೋಜನೆ, ಅದರಲ್ಲಿ ದೊಡ್ಡವರಿಗೂ ಒಂದು ಕೆಲಸವಿದೆ. ಒಮ್ಮೆ ಎದ್ದು ನಲ್ಲಿಯವರೆಗೆ ನಡೆದು ತೋರಿಸಲಿ. ಕೊನೆಯ ಹೆಜ್ಜೆಯನ್ನು ಬಹಳ ಮಂದಿ ಹಾರಿಸಿಬಿಡುತ್ತಾರೆ. ಹುಡುಗ ವಾಪಸ್ ಕೋಣೆಗೆ ಹೋದಾಗ ಉಳಿದವರು ಏನನ್ನುತ್ತಾರೆ, ಅವನೇನು ಹೇಳಬೇಕು, ಮುಚ್ಚಿಟ್ಟ ಊಟ ಎಲ್ಲಿದೆ ಎಂಬುದನ್ನು ಮೊದಲೇ ಹೇಳಿರಬೇಕು. ಊಟ ಎತ್ತಿಟ್ಟಿರಬೇಕು, ಇದರಲ್ಲಿ ರಾಜಿಯಿಲ್ಲ.

ದೂರುಗಳೂ ಇವೆ. ಪದ್ಧತಿ ಪಾಳಿಗೆ ಕನಿಷ್ಠ ಇಬ್ಬರು ತರಬೇತಾದವರು, ಪಕ್ಕದಲ್ಲಿ ಖಾಲಿ ಕೋಣೆ, ಕರೆದರೆ ಬರುವ ಮೇಲ್ವಿಚಾರಕ ಇದ್ದಾರೆಂದು ನಂಬಿಕೊಂಡು ಬರೆದದ್ದು. ರಾತ್ರಿ ಒಬ್ಬರೇ ಇರುವ ಕಡೆ ಸಾಲು ಮುಂದುವರಿಸುವ 'ಇನ್ನೊಬ್ಬರು' ಯಾರು? ದೊಡ್ಡ ಹುಡುಗರನ್ನು ಆ ಜಾಗಕ್ಕೆ ಹಾಕುವುದು ನಮ್ಮಲ್ಲಿ ರೂಢಿ, ಅದು ಹೊಸ ದೌರ್ಜನ್ಯಕ್ಕೆ ಬಾಗಿಲು. ಅಡುಗೆಯವರು, ಕಾವಲುಗಾರರನ್ನೂ ತರಬೇತಿಗೆ ಕೂರಿಸುವುದೇ ಇದ್ದುದರಲ್ಲಿ ಒಳ್ಳೆಯ ದಾರಿ. ಮಕ್ಕಳು ಮನಸ್ಸು ಬಿಚ್ಚುವುದು ಎಷ್ಟೋ ಸಲ ಅವರ ಬಳಿಯೇ. ಇನ್ನು ಸಾಕ್ಷ್ಯ: 2003ರಲ್ಲಿ ಒಂದು ನಿವಾಸದ ಮೇಲೆ ಬಂದ ಅಧ್ಯಯನ ಘಟನೆಗಳು ಇಳಿದದ್ದನ್ನು ತೋರಿಸಿತು, ಆದರೆ ಮೊದಲು ಎಷ್ಟಿತ್ತು ಆಮೇಲೆ ಎಷ್ಟಾಯಿತು ಎಂಬ ಬಗೆಯ ಲೆಕ್ಕ ಬಲವಾದ ಪುರಾವೆಯಲ್ಲ. ಕೊಳ್ಳುವವರು ಅದನ್ನು ತಿಳಿದೇ ಕೊಳ್ಳಬೇಕು.

ಐದು ದಿನದ ಕೋರ್ಸು ತರಬೇತುದಾರರಿಗೆ. ಅವರು ಹಿಂದಿರುಗಿ ಉಳಿದ ಸಿಬ್ಬಂದಿಗೆ ಕಲಿಸಬೇಕು. ಬರವಣಿಗೆಯ ಪರೀಕ್ಷೆಯೂ ಇದೆ, ಮಾಡಿ ತೋರಿಸುವ ಪರೀಕ್ಷೆಯೂ ಇದೆ. ಆರು ತಿಂಗಳಿಗೊಮ್ಮೆಯಾದರೂ ಮರು ಅಭ್ಯಾಸ ಬೇಕು. ಕಾರ್ನೆಲ್ಲಿನವರೇ ಇದು ಬರೀ ತರಬೇತಿಯಲ್ಲ ಎನ್ನುತ್ತಾರೆ: ಆಡಳಿತದ ಬೆಂಬಲ, ಮಗು ಮತ್ತು ಕುಟುಂಬದ ಪಾಲು, ಮನೋವೈದ್ಯಕೀಯ ಕೈಜೋಡಣೆ, ಮೇಲ್ವಿಚಾರಣೆ, ಕೌಶಲದ ಅಳತೆ, ಘಟನೆಗಳ ಲೆಕ್ಕ, ಆರೂ ಇರಬೇಕು. ಐದು ದಿನ ಕಳಿಸಿ ಪ್ರಮಾಣಪತ್ರ ಗೋಡೆಗೆ ಹಾಕಿದರೆ ಮೂರು ತಿಂಗಳಲ್ಲಿ "ಏಯ್, ಎತ್ತೋ" ವಾಪಸ್ ಬರುತ್ತದೆ.

ಬಜೆಟ್ ಇಲ್ಲದವರು ಮೊದಲು ಬೆಂಗಳೂರಿನ ನಿಮ್ಹಾನ್ಸ್‌ನ 'ಸಂವಾದ್' ನೋಡಲಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ನೆರವಿನಿಂದ ನಡೆಯುತ್ತದೆ, ಕೈಪಿಡಿಗಳು ಜಾಲದಲ್ಲಿ ಉಚಿತ. ನಮ್ಮ ಕಾನೂನು, ನಮ್ಮ ಮಕ್ಕಳು, ಆಟ ಮತ್ತು ಕಥೆಯ ಮೂಲಕ ಮಾತಾಡಿಸುವ ಬಗೆ ಅದರಲ್ಲಿ ಟಿಸಿಐಗಿಂತ ಚೆನ್ನಾಗಿದೆ. ತಟ್ಟೆ ಹಾರಿದ ಆ ಕ್ಷಣಕ್ಕೆ ಮಾತ್ರ ಟಿಸಿಐಯೇ ಗಟ್ಟಿ. ಮಗು ಸಾಯುವ ಮಾತಾಡಿದರೆ ಎರಡೂ ಪಕ್ಕಕ್ಕಿರಲಿ: ಒಬ್ಬಂಟಿ ಬಿಡದೆ ಮನೋವೈದ್ಯರ ಬಳಿಗೆ, ರಾತ್ರಿಯಾದರೆ ಟೆಲಿ ಮಾನಸ್ 14416.

ಏನನ್ನೂ ಕೊಳ್ಳದೆ ಈ ವಾರವೇ ಶುರು ಮಾಡಬಹುದಾದ್ದು ಪ್ರತಿ ಮಗುವಿನ ಬಿಕ್ಕಟ್ಟಿನ ಯೋಜನೆ. ಒಂದೇ ಹಾಳೆ, ಮಗುವಿನ ಜೊತೆ ಕೂತು ಬರೆದದ್ದು: ಏನು ಕೆಣಕುತ್ತದೆ, ಏರುವಾಗ ಮೊದಲು ಕಾಣುವ ಗುರುತೇನು, ಯಾರ ಮಾತು ನಾಟುತ್ತದೆ, ಏನು ಮಾಡಲೇಬಾರದು, ಮೈಯಲ್ಲಿ ಯಾವ ಕಾಯಿಲೆ, ಯಾವ ಮಾತ್ರೆ. ಇದು ಇರುವ ಕಡೆಯೂ ಕಡತ ಕಚೇರಿಯ ಬೀರುವಿನಲ್ಲಿರುತ್ತದೆ. ತಟ್ಟೆ ಹಾರುವುದು ರಾತ್ರಿ ಎಂಟಕ್ಕೆ, ಬೀರುವಿನ ಕೀಲಿಕೈ ಸಂಜೆ ಐದೂವರೆಗೇ ಯಾರದೋ ಚೀಲ ಸೇರಿ ಬಸ್ ಹತ್ತಿರುತ್ತದೆ.